ಸತ್ತ ಮೇಲೆ ಬಂದ ಸಂಬಂಧ

ಅವರು ತೀರಿಕೊಂಡು ಐದು ತಿಂಗಳಾದ ಮೇಲೆ ಅವರಿಗೊಂದು ಗಂಡು ಗೊತ್ತಾಯಿತು.

ಸುದ್ದಿ ಮುಟ್ಟಿಸಿದವರು ಅವರ ಅಣ್ಣ, ಉಡುಪಿಯ ಕಡೆಯಿಂದ, ಜುಲೈ ತಿಂಗಳ ಒಂದು ಶನಿವಾರ. ನಾನು ಸ್ವೀಡನ್ನಿನ ಮೋಲ್ನ್‌ಡಾಲ್‌ನ ನಮ್ಮ ಬಾಡಿಗೆ ಕಟ್ಟಡದ ನೆಲಮಾಳಿಗೆಯಲ್ಲಿ, ಎಲ್ಲ ಮನೆಗಳಿಗೂ ಸೇರಿ ಇರುವ ಬಟ್ಟೆ ಒಗೆಯುವ ಕೋಣೆಯಲ್ಲಿ ನಿಂತಿದ್ದೆ.

"ನೀವು ತಪ್ಪು ತಿಳ್ಕೊಳ್ಬೇಡಿ ಅಮ್ಮಾ. ನಮ್ಮ ಕಡೆ ಇದು ಉಂಟು. ಮದುವೆ ಆಗದೆ ಹೋದವರಿಗೆ ಈ ಮಳೆಗಾಲದ ಆಟಿ ತಿಂಗಳಲ್ಲಿ ಮದುವೆ ಮಾಡಿಸ್ತೇವೆ, ಹಾಗೇ ಹೋದ ಇನ್ನೊಬ್ಬರ ಜೊತೆ. ಪ್ರೇತ ಮದುವೆ ಅಂತ. ನನ್ನ ಮಗಳಿಗೆ ಮೂರು ಸಂಬಂಧ ಬಂದು ಮೂರೂ ತಪ್ಪಿತು. ಜೋಯಿಸರ ಹತ್ರ ಕೇಳಿದ್ರೆ, ತಂಗಿ ಅಡ್ಡ ನಿಂತಿದ್ದಾಳೆ ಅಂತ ಬಂತು."

"ಗಂಡು ಯಾರು ಅಣ್ಣಾ?" ಅದೇ ಯಾಕೆ ಬಾಯಿಗೆ ಬಂತೋ ಗೊತ್ತಿಲ್ಲ.

"ಒಳ್ಳೆ ಮನೆಯವ. ಇಪ್ಪತ್ನಾಲ್ಕಕ್ಕೆ ಬೈಕಲ್ಲಿ ಹೋದದ್ದು, ಪಾಪ. ಈಗ ಇದ್ದಿದ್ರೆ ಅರವತ್ತೈದು. ಇವಳಿಗೆ ಅರವತ್ತೆರಡಲ್ವಾ, ಸರಿಹೋಗ್ತದೆ. ಜಾತಕವೂ ಕೂಡಿ ಬಂತು."

ಅಣ್ಣನಿಗೆ ನನ್ನಿಂದ ಬೇಕಾಗಿದ್ದುದು ಒಂದು ಸೀರೆ. ತಂಗಿ ಉಟ್ಟು ಬಿಟ್ಟ ಸೀರೆ. ಪರದೇಶದಲ್ಲಿ ಸತ್ತವಳಿಗೆ ಮನೆಯ ದಾರಿ ತಿಳಿಯಬೇಕಲ್ಲ, ಮೈಗೆ ತಾಗಿದ ಬಟ್ಟೆಯನ್ನು ಮಣೆಯ ಮೇಲಿಟ್ಟರೆ ಬರುತ್ತಾಳಂತೆ. ತೀರಿಕೊಂಡವರ ಇಲ್ಲಿನ ಮನೆ ಖಾಲಿ ಮಾಡಿಕೊಟ್ಟವಳು ನಾನು. ಬಟ್ಟೆಗಳಿದ್ದ ಎರಡು ಸೂಟ್‌ಕೇಸುಗಳೂ ನನ್ನ ಬಳಿಯೇ ಇದ್ದವು. "ನೋಡ್ತೀನಿ ಅಣ್ಣ" ಎಂದು ಫೋನ್ ಇಟ್ಟೆ.

ಹಗೆ ತೀರಿಸಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ. ಓದುವವರಿಗೆ ಮೊದಲೇ ತಿಳಿದಿರಲಿ.

ನಾನು ಇಲ್ಲಿ ಔಷಧ ಸಂಶೋಧನೆಯ ಕಂಪನಿಯೊಂದರಲ್ಲಿ ಪ್ರಯೋಗಗಳ ದಾಖಲೆ ಪರಿಶೀಲಿಸುವವಳು. ಆ ಹೊತ್ತಿಗೇ ಬರೆದಿಡದ ಮಾತನ್ನು ನಂಬಬಾರದು ಎಂಬುದು ಅಲ್ಲಿನ ನಿಯಮ. ಆ ಅಭ್ಯಾಸ ಮನೆಗೂ ಅಂಟಿ ಹನ್ನೊಂದು ವರ್ಷದಿಂದ ದಿನಚರಿ ಬರೆಯುತ್ತಿದ್ದೇನೆ. ಹಾಗೆಂದು ದಿನಚರಿಯನ್ನೂ ಪೂರ್ತಿ ನಂಬುವುದಿಲ್ಲ. ಬರೆದವಳು ನಾನೇ ತಾನೆ.

ಅವರನ್ನು ಮೊದಲು ಕಂಡಿದ್ದು ಒಂದು ವರಮಹಾಲಕ್ಷ್ಮಿ ಹಬ್ಬದ ದಿನ, ಪಕ್ಕದ ಬೀದಿಯ ಕನ್ನಡದವರ ಮನೆಯಲ್ಲಿ. ಆ ಮನೆಯ ಹುಡುಗಿ ಬೆಂಗಳೂರಿನಿಂದ ಬಂದು ವರ್ಷವೂ ಆಗಿರಲಿಲ್ಲ. ಅರಿಶಿನ ಕುಂಕುಮದ ತಟ್ಟೆ ಹಿಡಿದು ಒಬ್ಬೊಬ್ಬರ ಮುಂದೆ ಬರುತ್ತಿದ್ದವಳು, ಕತ್ತರಿಸಿದ ಬಿಳಿಗೂದಲು, ಖಾಲಿ ಹಣೆ, ಖಾಲಿ ಕೊರಳಿನ ಈ ಹೆಂಗಸಿನ ಮುಂದೆ ಬಂದು ನಿಂತುಬಿಟ್ಟಳು. ಕೊಡಬೇಕೋ ಬೇಡವೋ ತಿಳಿಯದೆ ಅವಳ ಕೈ ಅಲ್ಲೇ ತೂಗಿತು.

"ಆಂಟಿ, ನಿಮ್ಮ ಮನೆಯವರು...?"

"ನನ್ನ ಮನೆಯವರು ನಾನೇ. ಇಲ್ಲೇ ಆ ಕಟ್ಟಡ, ನಾಲ್ಕನೇ ಮಹಡಿ. ತಟ್ಟೆ ಇಲ್ಲಿ ಕೊಡು." ತಾವೇ ಕುಂಕುಮ ಇಟ್ಟುಕೊಂಡು ಅವಳಿಗೂ ಇಟ್ಟರು. "ಮತ್ತೆ, ಆಂಟಿ ಅನ್ಬೇಡ ಮಾರಾಯ್ತಿ. ಆಂಟಿ ಅಂದ ಕೂಡ್ಲೇ ಎಲ್ಲರೂ ಅಂಕಲ್ ಎಲ್ಲಿ ಅಂತ ಹುಡುಕ್ತಾರೆ."

ಬೆಂಗಳೂರಿನವರ ಗುಂಪಿನಲ್ಲಿ ಅವರು ನಮ್ಮ ಹಾಗೆಯೇ ಮಾತಾಡುತ್ತಿದ್ದರು. ಸಿಟ್ಟು ಬಂದಾಗ ಮಾತ್ರ ಊರಿನ ಮಾತು ಹೊರಬೀಳುತ್ತಿತ್ತು. ಅಂದು ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ದಿನಚರಿಯಲ್ಲಿ ಹೀಗೆ ಬರೆದಿದ್ದೇನೆ: "ಪಾಪ, ಯಾರೋ ಕೈಕೊಟ್ಟಿರಬೇಕು."

ಅವರು ಸತ್ತ ದಿನ ಇಲ್ಲಿನ ಕನ್ನಡದವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ ಹಾಕಿದ್ದರು, "ಚಿಕ್ಕ ವಯಸ್ಸಿನಲ್ಲಿ ಪ್ರೇಮದಲ್ಲಿ ಮೋಸ ಹೋಗಿ ಒಂಟಿಯಾಗೇ ಉಳಿದರಂತೆ. ದೇವರು ಆತ್ಮಕ್ಕೆ ಶಾಂತಿ ಕೊಡಲಿ." ಕೆಳಗೆ ಕೈಮುಗಿದ ಗುರುತುಗಳ ಸಾಲು. ಬರೆದವರ ಮೇಲೆ ಮೈ ಉರಿಯಿತು. ಆದರೆ ಆ ಕತೆಯನ್ನು ಈ ಊರಿನಲ್ಲಿ ಮೊದಲು ಹೇಳಿದವಳು ನಾನೇ ಇರಬಹುದು. ಆಗ ಜೊತೆಗಿದ್ದ ಗಂಡನಿಗೆ ಹೇಳಿರುತ್ತೇನೆ, ಅವನು ಸ್ನೇಹಿತರಿಗೆ. ಇಲ್ಲವೆನ್ನಲು ನನ್ನ ಬಳಿ ಸಾಕ್ಷಿ ಇಲ್ಲ.

ಅವರು ಇಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸುತ್ತಿದ್ದರು. ಮಂಗಳೂರಿನ ಕಾನ್ವೆಂಟಿನಲ್ಲಿ ಐರ್ಲೆಂಡಿನಿಂದ ಬಂದ ಸಿಸ್ಟರ್ ಒಬ್ಬರ ಕೈಯಲ್ಲಿ ಕಲಿತವರು. ಆ ದೇಶದ ಹೆಂಗಸರು ಬರೆದ ಕತೆ, ಕಾದಂಬರಿಗಳೇ ಅವರ ಜೀವಮಾನದ ಕೆಲಸವಾಯಿತು. ಅದರಲ್ಲೂ ಒಂದೇ ಬಗೆಯ ಹೆಂಗಸರು: ಗಂಡಸಿನ ಸಂಗವೇ ಬೇಡವೆಂದು ತಾವಾಗಿ ತೀರ್ಮಾನಿಸಿದವರು. ಮಠ ಸೇರಿದ ಹುಡುಗಿ, ಹಳ್ಳಿಯ ಶಾಲೆಯ ಟೀಚರು, ಅಣ್ಣನ ಮನೆ ನೋಡಿಕೊಂಡೇ ಮುದುಕಿಯಾದ ತಂಗಿ. ವಿಮರ್ಶಕರು ಇವರನ್ನೆಲ್ಲ ಪ್ರೀತಿ ಸಿಗದವರು, ಚರ್ಚಿಗೆ ಹೆದರಿದವರು ಎಂದು ಓದುತ್ತಾ ಬಂದಿದ್ದರಂತೆ. ಇವರ ವಾದ ಬೇರೆ. ಮದುವೆಯಾದ ಹೆಂಗಸು ಸರ್ಕಾರಿ ಕೆಲಸ ಬಿಡಬೇಕಿದ್ದ ದೇಶ ಅದು. ಹೆರುವುದನ್ನು ತಡೆಯುವ ದಾರಿಯನ್ನು ಕಾನೂನೇ ಮುಚ್ಚಿದ್ದ ಕಾಲ. ಅಲ್ಲಿ ಒಬ್ಬಳು ತನ್ನ ಮೈಯನ್ನು ಯಾರಿಗೂ ಒಪ್ಪಿಸದೆ ಉಳಿದರೆ, ಬೇಡ ಎನ್ನಲು ಇದ್ದ ಒಂದೇ ಜಾಗದಲ್ಲಿ ಅವಳು ನಿಂತಿದ್ದಾಳೆ ಎಂದು ಓದಬೇಕು. ಚರ್ಚು ಹೆಂಗಸರ ಮೇಲೆ ಹೇರಿದ ಬ್ರಹ್ಮಚರ್ಯವನ್ನು ಈ ಲೇಖಕಿಯರು ಚರ್ಚಿನಿಂದಲೇ ಕದ್ದು ತಮ್ಮದು ಮಾಡಿಕೊಂಡರು, ಎನ್ನುತ್ತಿದ್ದರು.

ಇಷ್ಟನ್ನೇ ನನಗೆ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಒಂದು ಸಾಲಿನಲ್ಲಿ ಹೇಳಿದ್ದರು. "ಗಂಡಸು ಮಾಡಿದ್ರೆ ತಪಸ್ಸು, ಹೆಂಗಸು ಮಾಡಿದ್ರೆ ಹಣೆಬರಹ. ನಾನು ಮೂವತ್ತು ವರ್ಷದಿಂದ ಬರೀತಾ ಇರೋದು ಇದರ ಮೇಲೇ."

ಅವರ ಸಿಟ್ಟಿಗೆ ಆಯಸ್ಸು ಜಾಸ್ತಿ. ಒಮ್ಮೆ ಅವರು ಉಪನ್ಯಾಸ ಮುಗಿಸಿದಾಗ ವಿಭಾಗದ ಹಿರಿಯ ಪ್ರಾಧ್ಯಾಪಕರೊಬ್ಬರು ಎದ್ದು, "ಇಷ್ಟೆಲ್ಲ ಯಾಕೆ? ಆ ಹೆಂಗಸರನ್ನು ಯಾರೂ ಕೇಳಲಿಲ್ಲವೋ ಏನೋ," ಎಂದರಂತೆ. ಸಭೆ ನಕ್ಕಿತು. ಇವರು ನೀರು ಕುಡಿದು ಮುಂದಿನ ಪ್ರಶ್ನೆ ತೆಗೆದುಕೊಂಡರು. ಏಳು ವರ್ಷ ಬಿಟ್ಟು ಆ ಪ್ರಾಧ್ಯಾಪಕರ ನಿವೃತ್ತಿ ಬಂತು. ಎಲ್ಲರೂ ಕಾಫಿ ಹಿಡಿದು ನಿಂತಿದ್ದ, ಇಲ್ಲಿಯವರು ಫೀಕಾ ಎನ್ನುವ ಕೂಟದಲ್ಲಿ ಇವರು ಹಸಿರು ಕೇಕಿನ ದೊಡ್ಡ ತುಂಡನ್ನು ಅವರ ತಟ್ಟೆಗೆ ಬಡಿಸಿ, ಎಲ್ಲರಿಗೂ ಕೇಳುವ ಹಾಗೆ, ಬಹಳ ಮರುಕದಿಂದ, "ಇನ್ನೊಂದು ವರ್ಷ ಇರಿ ಅಂತ ಯಾರೂ ಕೇಳಲಿಲ್ಲವೋ ಏನೋ?" ಎಂದರು.

"ಏಳು ವರ್ಷ ನೆನಪಿಟ್ಕೊಂಡಿದ್ರಾ ಅಕ್ಕ?" ಎಂದು ಕೇಳಿದೆ.

"ಕ್ಷಮಿಸ್ಲಿಕ್ಕೆ ನನಗೆ ಪುರುಸೊತ್ತು ಆಗ್ಲಿಲ್ಲ."

ಸ್ವೀಡನ್ನಿನವರೂ ತಮ್ಮನ್ನು ಪೂರ್ತಿ ಅರ್ಥ ಮಾಡಿಕೊಂಡಿದ್ದಾರೆಂದು ಅವರಿಗೆ ಅನ್ನಿಸಿರಲಿಲ್ಲ. ಆರೋಗ್ಯ ಕೇಂದ್ರದಲ್ಲಿ ಯಾವುದೋ ತಪಾಸಣೆಗೆ ಹೋದಾಗ ನರ್ಸ್ ಕೇಳಿದಳಂತೆ, ಕೊನೆಯ ಬಾರಿ ಸಂಗ ಯಾವಾಗ ಎಂದು. ಇಲ್ಲ ಎಂದರು. ಈ ವರ್ಷ ಇಲ್ಲವೋ? ಯಾವ ವರ್ಷವೂ ಇಲ್ಲ. ನರ್ಸ್ ಪೆನ್ನು ಕೆಳಗಿಟ್ಟು, ದನಿ ಇಳಿಸಿ, ಮಾತಾಡಲು ಒಬ್ಬ ಆಪ್ತಸಲಹೆಗಾರರು ಇದ್ದಾರೆ, ಸಮಯ ಗೊತ್ತುಮಾಡಲೇ ಎಂದಳು. "ನೋಡು, ಇಲ್ಲಿಯವರಿಗೆ ಮದುವೆ ಬೇಡ ಅಂದ್ರೆ ಅರ್ಥ ಆಗ್ತದೆ. ಅದು ಬೇಡ ಅಂದ್ರೆ ಕಾಯಿಲೆ. ನಮ್ಮೂರಿನವರಿಗೆ ಎರಡೂ ಕಾಯಿಲೆ. ಒಟ್ಟು ನನಗೆ ಔಷಧ ಕೊಡದೆ ಬಿಡುವವರಿಲ್ಲ."

ನಾನು ಗಂಡನಿಂದ ಬೇರೆಯಾದಾಗ ಇಲ್ಲಿನ ಕನ್ನಡದ ಹೆಂಗಸರು ಅವರೇ ನನ್ನ ತಲೆ ಕೆಡಿಸಿದರು ಎಂದರು. ನನ್ನ ಅತ್ತೆ ಮೈಸೂರಿನಿಂದ ಫೋನ್ ಮಾಡಿ, "ಆ ಸನ್ಯಾಸಿನಿ ಸಹವಾಸ ಮಾಡ್ದೆಯಲ್ಲ, ಅನುಭವಿಸು," ಎಂದರು. ನಿಜವೆಂದರೆ ನಾನು ಅವರ ಬಾಗಿಲು ಬಡಿದು ಏನು ಮಾಡಲಿ ಎಂದು ಅತ್ತಾಗ ಅವರು ಚಹಾ ಮಾಡಿಕೊಟ್ಟು ಹೇಳಿದ್ದು ಇಷ್ಟೇ: "ನನ್ನ ಹತ್ರ ಕೇಳ್ಬೇಡ. ನಾನು ಬೇಡ ಅಂದವಳು, ಬಿಟ್ಟವಳಲ್ಲ. ಬಿಡೋದು ನನ್ನದಕ್ಕಿಂತ ಕಷ್ಟದ ಕೆಲಸ. ಅದರ ಅನುಭವ ನನಗಿಲ್ಲ." ಈ ಮಾತು ದಿನಚರಿಯಲ್ಲಿ ಅವತ್ತಿನ ತಾರೀಖಿನಲ್ಲೇ ಇದೆ. ಅದೊಂದು ಸಮಾಧಾನ.

ನೀವು ಯಾರನ್ನೂ ಪ್ರೀತಿಸಲಿಲ್ಲವೇ ಎಂದು ಒಮ್ಮೆ ಕೇಳಿಬಿಟ್ಟಿದ್ದೆ.

"ಎರಡು ಸಲ. ಇಬ್ಬರೂ ಒಳ್ಳೆಯವರು. ಒಬ್ಬರು ಈಗಲೂ ಕ್ರಿಸ್‌ಮಸ್ಸಿಗೆ ಕಾರ್ಡು ಕಳಿಸ್ತಾರೆ." ಚಹಾದ ಲೋಟ ಎತ್ತಿಡುತ್ತ, "ಅಮ್ಮ ಏಳು ಹೆತ್ತಳು. ಒಂದು ಸಲವೂ ಅವಳನ್ನು ಯಾರೂ ಕೇಳಿ ಮಾಡಿದ್ದಲ್ಲ. ನನ್ನ ಮೈ ಮೇಲೆ ಪ್ರೀತಿಯಿಂದ ಕೂಡ ಯಾರಿಗೂ ಹಕ್ಕು ಇರೋದು ಬೇಡ ಅಂತ ನನಗೆ ಹದಿನಾಲ್ಕಕ್ಕೇ ಗೊತ್ತಾಗಿತ್ತು. ಅಷ್ಟೇ. ಕತೆ ಎಂಥದ್ದೂ ಇಲ್ಲ."

ಇನ್ನು ನಾನು ಅತಿ ಹೆಚ್ಚು ಸಂಶಯದಿಂದ ನೋಡುವ ನೆನಪಿಗೆ ಬರುತ್ತೇನೆ. ಪ್ರೇತ ಮದುವೆಯ ಮಾತನ್ನು ನಾನು ಅವರ ಅಣ್ಣನಿಂದಲೇ ಮೊದಲು ಕೇಳಿದ್ದಲ್ಲ. ಅವರೇ ಒಮ್ಮೆ ಹೇಳಿದ್ದರು. ಅವರ ಮನೆಯಲ್ಲಿ ಹುಟ್ಟಿ ಹದಿನೆಂಟು ದಿನಕ್ಕೆ ಸತ್ತ ಅಕ್ಕ ಒಬ್ಬಳಿದ್ದಳು. ಇವರಿಗೆ ಎಂಟು ವರ್ಷವಿದ್ದಾಗ ಆ ಮಗುವಿಗೆ ಮದುವೆ ಮಾಡಿದರು. ಸತ್ತರೂ ಮಕ್ಕಳು ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ ಎಂದು ಲೆಕ್ಕ. ಮಣೆಯ ಮೇಲೆ ಸೀರೆ, ಬಳೆ, ಮಲ್ಲಿಗೆ, ಕರಿಮಣಿ. ಪಕ್ಕದ ಮಣೆಯಲ್ಲಿ ಒಂದು ಪಂಚೆ, ಅಂಗಿ. "ಅದಕ್ಕೆ ಹೆಸರೇ ಇಟ್ಟಿರ್ಲಿಲ್ಲ. ಮದುವೆ ಮಾತ್ರ ಆಯ್ತು. ನಾನು ಪಾಯಸ ಎರಡು ಸಲ ಹಾಕಿಸ್ಕೊಂಡೆ." ಹಿಂದೆಯೇ ಇನ್ನೊಂದು ಮಾತು ಸೇರಿಸಿದ್ದರು. "ಐರ್ಲೆಂಡಿನಲ್ಲಿ ದೀಕ್ಷಾಸ್ನಾನ ಆಗದೆ ಸತ್ತ ಕೂಸುಗಳನ್ನು ಪವಿತ್ರ ನೆಲದ ಹೊರಗೆ ಹೂಳ್ತಿದ್ರು. ನಮ್ಮವರು ಮದುವೆ ಮಾಡಿ ಒಳಗೆ ಕರ್ಕೊಳ್ತಾರೆ. ಯಾವುದು ಹೆಚ್ಚು ಕ್ರೂರ ಅಂತ ನಾನಿನ್ನೂ ತೀರ್ಮಾನ ಮಾಡಿಲ್ಲ."

ಇದನ್ನು ಹೇಳುವಾಗ ಅವರು ನಗುತ್ತಿದ್ದರು ಎಂದು ದಿನಚರಿಯಲ್ಲಿದೆ. ನನ್ನ ನೆನಪಿನಲ್ಲಿ ಅವರು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಾರೆ. ಯಾವುದು ನಿಜ? ನಕ್ಕಿದ್ದರೆ ಈ ಮದುವೆಯನ್ನು ನಾನು ತಡೆಯಲೇಬೇಕು. ಅತ್ತಿದ್ದರೆ, ಒಳಗೆ ಕರೆದುಕೊಳ್ಳುವ ಆ ಮನೆ ಅವರಿಗೂ ಎಲ್ಲೋ ಬೇಕಾಗಿತ್ತೇನೋ. ಅಣ್ಣನ ಮಾತಿನಲ್ಲೂ ಕೇಡಿರಲಿಲ್ಲ. "ಅಷ್ಟು ಚಳಿಯಲ್ಲಿ ಒಬ್ಬಳನ್ನೇ ಬಿಟ್ಟಿದ್ದೇವೆ ಅಮ್ಮಾ ಅವಳನ್ನು," ಎಂದಿದ್ದರು. ಹೀಗೆ ಎರಡು ಕಡೆಗೂ ತೂಗಿಕೊಂಡು ಒಂದು ವಾರ ಕಳೆದೆ.

ಅಷ್ಟರಲ್ಲಿ ಆ ಅಣ್ಣನ ಮಗಳ ಫೋನು ಬಂತು. ಇಪ್ಪತ್ತೆಂಟರ ಹುಡುಗಿ, ಮಣಿಪಾಲದಲ್ಲಿ ಕೆಲಸ. ನಾನು ಅವಳೊಡನೆ ಮಾತಾಡಿದ್ದು ಅದೇ ಮೊದಲು.

"ಅಕ್ಕಾ, ಸೀರೆ ಕಳಿಸ್ಬೇಡಿ."

"ಯಾಕಮ್ಮಾ? ನಿನ್ನ ಮದುವೆಗೋಸ್ಕರಾನೇ ಅಲ್ವಾ ಇದೆಲ್ಲ?"

"ಅದಕ್ಕೇ. ಆ ಮೂರು ಹುಡುಗರಿಗೂ ನಾನೇ ಫೋನ್ ಮಾಡಿ ಬೇಡ ಅಂದದ್ದು. ಅಪ್ಪನಿಗೆ ಗೊತ್ತಿಲ್ಲ."

"ಅತ್ತೆ ಅಡ್ಡ ನಿಂತಿದ್ದಾರೆ ಅಂತ ಜೋಯಿಸರು ಹೇಳಿದಾಗ?"

"ಸುಮ್ಮನಿದ್ದೆ."

"ಸತ್ತವರ ತಲೆಗೆ ಕಟ್ಟಿಬಿಟ್ಯಲ್ಲ, ನಾಚಿಕೆ ಆಗಲ್ವಾ?" ಎಂದು ಕೂಗಿದೆ. ಪಕ್ಕದ ಮನೆಯ ಮುದುಕ ಬಾಲ್ಕನಿಯಿಂದ ಇಣುಕಿದ.

"ಆಗ್ತದೆ," ಎಂದಳು. "ಆದ್ರೆ ಅತ್ತೆ ಅಡ್ಡ ನಿಂತಷ್ಟು ದಿನ ನಂಗೆ ಉಸಿರಾಡ್ಲಿಕ್ಕೆ ಆಗ್ತದೆ. ಅವರ ಮದುವೆ ಆಗಿಬಿಟ್ರೆ ಅಡ್ಡಿ ಹೋಯ್ತು ಅಂತ ನಾಲ್ಕನೆಯವನನ್ನು ಕರೆಸ್ತಾರೆ."

"ನೀನೇ ಅಪ್ಪನಿಗೆ ಹೇಳಬಹುದಲ್ಲ."

"ಅತ್ತೆ ಹೇಳಿದ್ರಲ್ಲ ಅಕ್ಕಾ, ಇದೇ ಪ್ರಾಯದಲ್ಲಿ. ಆಮೇಲೆ ಊರಿಗೆ ಎರಡೇ ಸಲ ಬಂದದ್ದು. ಅಜ್ಜಿ ಸತ್ತಾಗ್ಲೂ ಬರ್ಲಿಕ್ಕೆ ಬಿಡ್ಲಿಲ್ಲ. ನಂಗೆ ಅಷ್ಟು ಧೈರ್ಯ ಇಲ್ಲ. ನಂಗೆ ಅಮ್ಮ ಬೇಕು."

ತಾಯಿಯ ಸಾವಿಗೆ ಅವರನ್ನು ಬರಗೊಡಲಿಲ್ಲ ಎಂಬುದು ನನಗೆ ತಿಳಿದಿರಲಿಲ್ಲ. ಹನ್ನೊಂದು ವರ್ಷದ ದಿನಚರಿಯಲ್ಲಿ ಆ ಬಗ್ಗೆ ಒಂದು ಸಾಲಿಲ್ಲ. ಅವರು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಬದುಕಿದ್ದವಳಿಗೆ ಬಾಗಿಲು ಹಾಕಿ, ಸತ್ತವಳಿಗೆ ದಾರಿ ತೋರಿಸಲು ಸೀರೆ ಕೇಳುತ್ತಿದ್ದಾರೆ ಎಂದು ಅನ್ನಿಸಿದ್ದೇ ತಡ, ನನ್ನ ತೂಗಾಟ ನಿಂತುಹೋಯಿತು.

ಸೀರೆ ಕಳಿಸುವುದಿಲ್ಲ ಎಂದೇ ತೀರ್ಮಾನಿಸಿದ್ದೆ. ಮಾರನೆಯ ದಿನ ಅಣ್ಣನ ಸಂದೇಶ: "ನಿಮಗೆ ತೊಂದರೆ ಆದರೆ ಬೇಡ. ಅಟ್ಟದಲ್ಲಿ ಅವಳ ಕಾಲೇಜಿನ ಕಾಲದ ಸೀರೆ ಇರಬಹುದು, ಹುಡುಕಿಸುತ್ತೇನೆ." ಕೂಡಲೇ ಉತ್ತರ ಬರೆದೆ: "ಹುಡುಕಬೇಡಿ ಅಣ್ಣ. ನಾನೇ ಕಳಿಸುತ್ತೇನೆ."

ಅವರ ಸೂಟ್‌ಕೇಸುಗಳನ್ನು ತೆರೆಯಲಿಲ್ಲ. ನನ್ನದನ್ನು ತೆರೆದೆ. ಅದರ ತಳದಲ್ಲಿ ನನ್ನ ಧಾರೆ ಸೀರೆ ಇತ್ತು, ಹಸಿರು ಒಡಲು, ಕೆಂಪು ಅಂಚು. ಗಂಡನ ಮನೆಯವರು ವಾಪಸು ಕೇಳದೆ ಉಳಿದ ಒಂದೇ ವಸ್ತು. ಮಡಿಕೆಗಳಲ್ಲಿ ಅರಿಶಿನದ ಕಲೆ ಹಾಗೇ ಇತ್ತು. ಜೊತೆಗೊಂದು ಚೀಟಿ ಇಟ್ಟೆ: "ಅವರಿಗೆ ಬಹಳ ಇಷ್ಟದ ಸೀರೆ." ಹುಡುಗಿಗೂ ಹೇಳಲಿಲ್ಲ. ಎರಡು ದಿನ ಅವಳು ನನ್ನನ್ನು ಬೈದು ಸಂದೇಶ ಕಳಿಸಿದಳು. ಬೈಯಲಿ ಎಂದು ಬಿಟ್ಟೆ.

ಮದುವೆಯನ್ನು ಅಣ್ಣ ವಿಡಿಯೋದಲ್ಲಿ ತೋರಿಸಿದರು. ಅಂಗಳಕ್ಕೆ ಶೀಟು ಹೊದಿಸಿದ್ದರು, ಮಳೆ ಸದ್ದು ಮಾಡುತ್ತಿತ್ತು. ಎರಡು ಮಣೆ. ಒಂದರ ಮೇಲೆ ನನ್ನ ಸೀರೆ, ಬಳೆ, ಮಲ್ಲಿಗೆ. ಇನ್ನೊಂದರ ಮೇಲೆ ಹೊಸ ಪಂಚೆ, ಶಲ್ಯ, ಮತ್ತು ಆ ಹುಡುಗನ ಫೋಟೋ. ಎಪ್ಪತ್ತು ದಾಟಿದ ಅವನ ಅಕ್ಕ ಆ ಫೋಟೋವನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು. ಆ ಹೆಂಗಸು ನನಗೇನೂ ಮಾಡಿದವಳಲ್ಲ. ಅಷ್ಟರಲ್ಲಿ ಸೀರೆಯ ಮಡಿಕೆಗೆ ಕರಿಮಣಿ ಕಟ್ಟಿದರು. ಅರವತ್ತು ಜನ ಅಕ್ಕಿಕಾಳು ಹಾಕಿದರು. ಅಣ್ಣ ಫೋನಿನ ಹತ್ತಿರ ಬಂದು, "ಮುಗೀತು ಅಮ್ಮಾ. ಇನ್ನು ಅವಳದ್ದು ಒಂದು ನೆಲೆ ಆಯ್ತು," ಎಂದು ಕಣ್ಣೊರೆಸಿಕೊಂಡರು.

ಮೂರನೆಯ ದಿನವೇ ಮತ್ತೆ ಅವರ ಫೋನು. ಉತ್ಸಾಹ ತುಂಬಿ ತುಳುಕುತ್ತಿತ್ತು. "ನೋಡಿ, ಎಷ್ಟು ಬೇಗ! ಬೆಂಗಳೂರಿನಿಂದ ಒಂದು ಸಂಬಂಧ. ಹುಡುಗ ಡಾಕ್ಟರು. ಆದಿತ್ಯವಾರ ನೋಡ್ಲಿಕ್ಕೆ ಬರ್ತಾರೆ. ಎಲ್ಲ ತಂಗಿಯ ಆಶೀರ್ವಾದ."

ಈ ಫೋನಿಗೆ ಕಾಯುತ್ತಲೇ ಇದ್ದೆ.

"ಅಣ್ಣಾ, ಆ ಸೀರೆ ಅವರದಲ್ಲ."

"ಎಂಥ?"

"ನನ್ನದು. ನನ್ನ ಮದುವೆಯ ಸೀರೆ. ಅವರು ಅದನ್ನು ಉಟ್ಟೂ ಇಲ್ಲ, ಮುಟ್ಟೂ ಇಲ್ಲ."

ಅವರು ಯಾರಿಗೋ ಟಿವಿ ಆರಿಸಲು ಹೇಳಿದ್ದು ಕೇಳಿಸಿತು.

"ಹಾಗಾದ್ರೆ ಅವತ್ತು ಮದುವೆ ಆದದ್ದು ಯಾರಿಗೆ?"

"ಗೊತ್ತಿಲ್ಲ. ಅವರಿಗಂತೂ ಆಗಿಲ್ಲ."

"ನೀವು ಎಂಥ ಹೆಂಗಸಮ್ಮಾ! ಆ ಹುಡುಗನ ಮನೆಯವರಿಗೆ ನಾನು ಎಂಥ ಹೇಳ್ಲಿ? ಆದಿತ್ಯವಾರ ಬರುವವರಿಗೆ ಎಂಥ ಹೇಳ್ಲಿ?"

"ನಿಮ್ಮ ತಂಗಿ ಇನ್ನೂ ಅಡ್ಡ ನಿಂತಿದ್ದಾರೆ ಅಂತ ಹೇಳಿ. ನಿಮ್ಮಮ್ಮ ಹೋದಾಗ ಅವರಿಗೂ ಯಾರೋ ಬಾಗಿಲಲ್ಲಿ ಅಡ್ಡ ನಿಂತಿದ್ದರಲ್ಲ, ಹಾಗೆ."

ಸುಖವಾಯಿತು. ಸುಳ್ಳು ಹೇಳಲಾರೆ, ಅವತ್ತಿನ ದಿನಚರಿಯಲ್ಲಿ ಆ ಒಂದೇ ಪದವಿದೆ. ನನ್ನ ಸೀರೆ, ನನ್ನ ಅತ್ತೆಯ ಮಾತು, ನನ್ನ ಮದುವೆ, ಇವುಗಳ ಸಿಟ್ಟನ್ನು ಅವರ ಹೆಸರಿನಲ್ಲಿ ತೀರಿಸಿಕೊಂಡೆನೇ ಎಂದು ಈಗ ಕೇಳಿಕೊಂಡರೆ ಇಲ್ಲ ಎನ್ನಲಾರೆ. ಅವರಿದ್ದಿದ್ದರೆ ಮೆಚ್ಚುತ್ತಿದ್ದರೇ ಎಂಬುದೂ ಗೊತ್ತಿಲ್ಲ.

ಅಣ್ಣ ಬೈಯಬಹುದು, ಫೋನ್ ಕುಕ್ಕಬಹುದು ಎಂದುಕೊಂಡಿದ್ದೆ. ಅವರು ಎರಡೂ ಮಾಡಲಿಲ್ಲ. ಸಣ್ಣ ದನಿಯಲ್ಲಿ, ನಿಜಕ್ಕೂ ನನಗೆ ಗೊತ್ತಿದೆ ಎಂದುಕೊಂಡವರಂತೆ ಕೇಳಿದರು:

"ಈಗ ಅವಳು ಎಲ್ಲಿದ್ದಾಳೆ ಹಾಗಾದ್ರೆ?"

ಒಂದು ಸಮಾಧಾನದ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಎಲ್ಲಿದ್ದರೂ, ಒಬ್ಬರೇ ಇದ್ದಾರೆ," ಎಂದೆ.